ಇಂಜಿನ್ನಿನ ಉಸಿರು, ಮನೆಯ ಖರ್ಚು

ಕಾರು ಕೊಳ್ಳುವ ಮಾತು ಬಂದಾಗ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಇಂಜಿನ್ನಿನ ವಿಚಾರ ಗಂಡಸರದ್ದು, ಬಣ್ಣದ ವಿಚಾರ ಹೆಂಗಸರದ್ದು. ಆದರೆ ತಿಂಗಳ ಕೊನೆಗೆ ಪೆಟ್ರೋಲಿನ ಲೆಕ್ಕ ಬಂದು ಸೇರುವುದು ಮನೆಖರ್ಚಿನ ಪುಸ್ತಕಕ್ಕೆ. ಆ ಪುಸ್ತಕ ನಿಮ್ಮ ಕೈಯಲ್ಲಿದೆ. ಆದ್ದರಿಂದ ಸಹೋದರಿಯರೇ, ಇಂಜಿನ್ನಿನ ಬಗ್ಗೆಯೂ ನೀವು ಸ್ವಲ್ಪ ತಿಳಿದಿರಬೇಕು.

ಅನೇಕ ಕಾರುಗಳ ಹಿಂಭಾಗದಲ್ಲಿ ‘ವಿವಿಟಿ’, ‘ಐ-ವಿಟೆಕ್’ ಎಂಬ ಅಕ್ಷರಗಳನ್ನು ನೀವು ಕಂಡಿರಬಹುದು. ಇದೇನು?

ಇಂಜಿನ್ ಕೂಡ ನಮ್ಮಂತೆ ಉಸಿರಾಡುತ್ತದೆ. ಪ್ರತಿ ಸಿಲಿಂಡರಿಗೂ ಪುಟ್ಟ ಬಾಗಿಲುಗಳಂತಹ ವಾಲ್ವ್‌ಗಳಿವೆ. ಕೆಲವು ಗಾಳಿಯನ್ನು ಒಳಗೆ ಬಿಡುತ್ತವೆ, ಉಳಿದವು ಉರಿದ ಹೊಗೆಯನ್ನು ಹೊರಗೆ ಕಳಿಸುತ್ತವೆ. ಇವುಗಳನ್ನು ತೆರೆಯುವುದು ಕ್ಯಾಮ್‌ಶಾಫ್ಟ್ ಎಂಬ ಉಬ್ಬುಗಳಿರುವ ದಂಡ. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ!

ಹಳೆಯ ಇಂಜಿನ್ನುಗಳಲ್ಲಿ ಈ ಬಾಗಿಲುಗಳು ತೆರೆಯುವ ಹೊತ್ತು ಒಮ್ಮೆ ನಿಗದಿಯಾದರೆ ಮುಗಿಯಿತು, ಬದಲಾಗುತ್ತಿರಲಿಲ್ಲ. ಬಿರಿಯಾನಿಗೆ ದಮ್ ಹಾಕುವಾಗಲೂ ಸಮೋಸ ಕರಿಯುವಾಗಲೂ ಒಲೆಗೆ ಒಂದೇ ಉರಿ ಇಟ್ಟಂತೆ! ವೇಗವಾಗಿ ಓಡುವಾಗ ಗಾಳಿಯ ಬಾಗಿಲು ಸ್ವಲ್ಪ ತಡವಾಗಿ ಮುಚ್ಚಿದರೆ ಒಳ್ಳೆಯದು, ನುಗ್ಗಿ ಬರುವ ಗಾಳಿ ಇನ್ನಷ್ಟು ತುಂಬಿಕೊಳ್ಳುತ್ತದೆ. ಆದರೆ ಸಿಗ್ನಲ್‌ನಲ್ಲಿ ನಿಂತಾಗಲೂ ಹಾಗೆಯೇ ಮಾಡಿದರೆ ತುಂಬಿದ ಗಾಳಿ ಹಿಂದಕ್ಕೆ ಹೋಗಿ ಇಂಜಿನ್ ನಡುಗುತ್ತದೆ. ಹೀಗಾಗಿ ಎರಡಕ್ಕೂ ಪೂರ್ತಿ ಹೊಂದದ ಒಂದು ನಡುವಿನ ಹೊತ್ತನ್ನು ಇಟ್ಟುಕೊಳ್ಳಬೇಕಾಗಿತ್ತು.

ವಿವಿಟಿ ಈ ಕೊರತೆಯನ್ನು ನೀಗಿಸುತ್ತದೆ. ಕಾರಿನ ಪುಟ್ಟ ಕಂಪ್ಯೂಟರ್ ವೇಗವನ್ನೂ ಭಾರವನ್ನೂ ಅಳೆದು, ಕ್ಯಾಮ್‌ಶಾಫ್ಟಿನ ತುದಿಯಲ್ಲಿರುವ ಚಕ್ರಕ್ಕೆ ಇಂಜಿನ್ ಆಯಿಲನ್ನು ಒತ್ತಡದಿಂದ ಕಳಿಸುತ್ತದೆ. ದಂಡ ತುಸು ಮುಂದಕ್ಕೋ ಹಿಂದಕ್ಕೋ ಸರಿಯುತ್ತದೆ. ಬಾಗಿಲು ತೆರೆಯುವ ಹೊತ್ತು ಬದಲಾಗುತ್ತದೆ.

1980ರಲ್ಲಿ ಇಟಲಿಯ ಆಲ್ಫಾ ರೋಮಿಯೋ ಕಂಪೆನಿ ತನ್ನ ಸ್ಪೈಡರ್ ಕಾರಿನಲ್ಲಿ ಇಂತಹ ಏರ್ಪಾಡನ್ನು ತಂದಿತು. 1989ರಲ್ಲಿ ಜಪಾನಿನ ಹೋಂಡಾ ‘ವಿಟೆಕ್’ ತಂದಿತು. ಅದರಲ್ಲಿ ನಿಧಾನಕ್ಕೊಂದು, ವೇಗಕ್ಕೊಂದು ಎಂದು ಬೇರೆ ಬೇರೆ ಉಬ್ಬುಗಳಿದ್ದವು. ನಮ್ಮ ದೇಶದಲ್ಲಿ 2008ರ ಹೋಂಡಾ ಸಿಟಿ, 2011ರ ಮಾರುತಿ ಸ್ವಿಫ್ಟ್ ಪೆಟ್ರೋಲ್ ಕಾರುಗಳು ಈ ತಂತ್ರವನ್ನು ಅನೇಕ ಮನೆಗಳ ಅಂಗಳಕ್ಕೆ ತಂದವು.

ಇದರ ಲಾಭ ಮೂರು. ಒಂದು, ಅದೇ ಪೆಟ್ರೋಲಿನಲ್ಲಿ ಹೆಚ್ಚು ದೂರ. ಎರಡು, ಸಣ್ಣ ಇಂಜಿನ್ನಿನಲ್ಲೂ ಘಾಟಿ ಹತ್ತುವ ಶಕ್ತಿ. ಮೂರು, ಮಕ್ಕಳು ಉಸಿರಾಡುವ ಗಾಳಿಗೆ ಕಡಿಮೆ ವಿಷ. ಆದರೆ ಅಕ್ಷರ ನೋಡಿ ಮಾತ್ರ ಮರುಳಾಗಬೇಡಿ. ಕಾರಿನ ತೂಕ, ಟಯರಿನ ಗಾಳಿ, ಓಡಿಸುವವರ ಕಾಲು ಇವೆಲ್ಲವೂ ಮೈಲೇಜನ್ನು ನಿರ್ಧರಿಸುತ್ತವೆ.

ಇನ್ನು ಮುಖ್ಯ ಮಾತು. ಈ ಇಂಜಿನ್ನಿನಲ್ಲಿ ಆಯಿಲ್ ಕೇವಲ ಜಾರಿಕೆಗಲ್ಲ, ಕೆಲಸ ಮಾಡುವ ಕೈಯೂ ಅದೇ. ನಮ್ಮ ಬಂಧುಗಳ ಮನೆಯಲ್ಲಿ ‘ಕಾರು ಓಡುತ್ತಿದೆಯಲ್ಲ’ ಎಂದು ಎರಡು ಸಲ ಆಯಿಲ್ ಬದಲಿಸದೆ ಬಿಟ್ಟರು. ಕೆಲವು ಸಾವಿರ ಉಳಿಯಿತೆಂದು ಸಂತೋಷಪಟ್ಟರು. ಆಯಿಲ್ ಕೊಳೆತು ಕೆಸರಿನಂತಾಗಿ ಸಣ್ಣ ಕಿಂಡಿಗಳು ಕಟ್ಟಿಕೊಂಡವು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಕಟಕಟ ಶಬ್ದ, ನಿಂತಾಗ ನಡುಕ, ಮೈಲೇಜ್ ಇಳಿತ, ಕೊನೆಗೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ. ಮಗಳ ಕಾಲೇಜು ಫೀಸಿಗೆಂದು ಕೂಡಿಟ್ಟ ಹಣ ಇಂಜಿನ್ ರಿಪೇರಿಗೆ ಹೋಯಿತು.

ಆದ್ದರಿಂದ ಇಷ್ಟನ್ನು ನೀವೇ ಮಾಡಿ. ಕಾರಿನೊಂದಿಗೆ ಬಂದ ಕೈಪಿಡಿಯಲ್ಲಿ ಯಾವ ಆಯಿಲ್, ಎಷ್ಟು ಕಿಲೋಮೀಟರಿಗೆ ಎಂದಿರುತ್ತದೆ. ಅದನ್ನು ಖರ್ಚಿನ ಪುಸ್ತಕದಲ್ಲಿ ಬರೆದುಕೊಳ್ಳಿ. ತಿಂಗಳಿಗೊಮ್ಮೆ ಸಮತಟ್ಟಾದ ಜಾಗದಲ್ಲಿ ಇಂಜಿನ್ ನಿಲ್ಲಿಸಿ, ಕೆಲವು ನಿಮಿಷ ಕಾಯಿರಿ. ಆಯಿಲ್ ಅಳೆಯುವ ಕಡ್ಡಿಯನ್ನು ತೆಗೆದು ಒರೆಸಿ, ಮತ್ತೆ ಅದ್ದಿ ನೋಡಿ. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಹಳೆಯ ಕಾರು ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ಸರ್ವಿಸ್ ದಾಖಲೆ ಕೇಳಿ, ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿಸಿ ಶಬ್ದ ಕೇಳಿ.

ಅಡುಗೆಮನೆಯಲ್ಲಿ ಹಾಲು ಉಕ್ಕುವ ಮುನ್ನವೇ ಉರಿ ತಗ್ಗಿಸುವ ನಿಮಗೆ ಈ ಎಚ್ಚರ ಹೊಸದೇನಲ್ಲ. ಅದೇ ಕಣ್ಣು ಅಂಗಳದಲ್ಲಿ ನಿಂತ ಕಾರಿನ ಮೇಲೂ ಇರಲಿ.