ಬಿಸಿಲಿಗೂ ಒಂದು ಲೆಕ್ಕವಿರಲಿ

ಆರೋಗ್ಯವೇ ಭಾಗ್ಯವೆಂಬ ನುಡಿಯನ್ನು ನಾವೆಲ್ಲರೂ ಬಾಲ್ಯದಿಂದಲೇ ಕೇಳುತ್ತ ಬಂದಿದ್ದೇವೆ. ಆ ಭಾಗ್ಯವನ್ನು ಉಳಿಸಿಕೊಳ್ಳಲೆಂದು ಇಂದು ಅನೇಕ ಕುಟುಂಬಗಳಲ್ಲಿ ಹಿರಿಯರು, ಕಿರಿಯರು, ಗೃಹಿಣಿಯರು ನಡಿಗೆ, ಓಟ, ಸೈಕಲ್ ಸವಾರಿಗಳನ್ನು ನಿತ್ಯನಿಯಮವಾಗಿ ಪಾಲಿಸುತ್ತಿರುವುದು ಸಂತೋಷದ ಸಂಗತಿ. ಎಷ್ಟು ಹೆಜ್ಜೆ ನಡೆದೆವು, ಎಷ್ಟು ದೂರ ಓಡಿದೆವು, ನಾಡಿ ಎಷ್ಟು ಬಡಿಯಿತು ಎಂಬುದನ್ನೆಲ್ಲ ಮಣಿಕಟ್ಟಿನ ಪುಟ್ಟ ಗಡಿಯಾರವೇ ಲೆಕ್ಕವಿಡುತ್ತದೆ. ಆದರೆ ಈ ಲೆಕ್ಕದ ಪುಸ್ತಕದಲ್ಲಿ ಬಹುಮಂದಿ ಬರೆಯದೆ ಬಿಡುವ ಬಾಬೊಂದಿದೆ. ಅದು ನಮ್ಮ ಮೈಮೇಲೆ ಬಿದ್ದ ಬಿಸಿಲಿನ ಬಾಬು.

೧೯೬೫ರಲ್ಲಿ ಜಪಾನಿನಲ್ಲಿ ‘ಮಾನ್ಪೊಕೇ’ ಎಂಬ ಹೆಸರಿನ ಹೆಜ್ಜೆ ಎಣಿಸುವ ಸಾಧನವೊಂದು ಮಾರಾಟಕ್ಕೆ ಬಂದಿತು. ಆ ಪದದ ಅರ್ಥ ಹತ್ತು ಸಾವಿರ ಹೆಜ್ಜೆಗಳ ಮಾಪಕ ಎಂದು. ಅಂದಿನಿಂದ ಆ ಹತ್ತು ಸಾವಿರದ ಸಂಖ್ಯೆ ಲೋಕದ ನಾನಾ ಭಾಗಗಳಲ್ಲಿ ಜನರನ್ನು ಮನೆಯಿಂದ ಹೊರಗೆ ಕರೆತಂದು ನಡೆಸಿದೆ. ಉಪದೇಶಕ್ಕೆ ಏಳದ ಕಾಲು ಅಂಕಿಗೆ ಎದ್ದಿತು. ಹಾಗಾದರೆ ಅಂಥದೇ ಒಂದು ಅಂಕಿ ಮನುಷ್ಯನ ತಲೆಯ ಮೇಲೆ ಟೊಪ್ಪಿಗೆಯನ್ನೂ ಇರಿಸಬಲ್ಲದೇ? ನಡುಹಗಲಿನ ಓಟವನ್ನು ಬೆಳಗಿನ ಹೊತ್ತಿಗೆ ಸರಿಸಬಲ್ಲದೇ? ಈ ಪ್ರಶ್ನೆಗೆ ಈಗ ಉತ್ತರ ದೊರೆಯುತ್ತಿದೆ.

ಕಾಣದ ಕಿರಣ, ಮೋಸಗೊಳಿಸುವ ತಂಪು

ಸೂರ್ಯನಿಂದ ನಮಗೆ ಬೆಳಕು ಬರುತ್ತದೆ, ಶಾಖ ಬರುತ್ತದೆ. ಇವುಗಳ ಜೊತೆಗೆ ಅತಿನೇರಳೆ ಕಿರಣಗಳೂ ಬರುತ್ತವೆ. ಬೆಳಕನ್ನು ಕಣ್ಣು ಕಾಣುತ್ತದೆ, ಶಾಖವನ್ನು ಚರ್ಮ ಅರಿಯುತ್ತದೆ. ಅತಿನೇರಳೆ ಕಿರಣಗಳನ್ನು ಗುರುತಿಸುವ ಇಂದ್ರಿಯ ಮಾತ್ರ ನಮಗಿಲ್ಲ. ಚರ್ಮವನ್ನು ಕೆಂಪಗೆ ಸುಡುವುದು, ಅದರ ಜೀವಕೋಶಗಳ ಒಳಗಿನ ವಂಶವಾಹಿಗಳಿಗೆ ಹಾನಿ ಮಾಡುವುದು, ಅಕಾಲದಲ್ಲಿ ಸುಕ್ಕು ತರುವುದು, ವರ್ಷಗಳು ಕಳೆದಂತೆ ಕಣ್ಣಿನ ಪೊರೆಗೆ ಕಾರಣವಾಗುವುದು ಈ ಕಿರಣಗಳೇ. ಇವುಗಳಿಗೂ ಸೆಕೆಗೂ ನೇರ ಸಂಬಂಧವಿಲ್ಲ. ತಂಗಾಳಿ ಬೀಸುತ್ತಿದ್ದರೂ, ತೆಳುಮೋಡ ಕವಿದಿದ್ದರೂ ಅವು ಬೀಳುತ್ತಲೇ ಇರುತ್ತವೆ. ಸಮುದ್ರಮಟ್ಟದಿಂದ ಒಂದು ಸಾವಿರ ಮೀಟರು ಮೇಲೇರಿದರೆ ಅವುಗಳ ತೀವ್ರತೆ ಸುಮಾರು ನೂರಕ್ಕೆ ಹತ್ತರಷ್ಟು ಹೆಚ್ಚುತ್ತದೆ. “ಇಂದು ತಂಪಾಗಿದೆ, ಇನ್ನೊಂದು ಗಂಟೆ ಓಡೋಣ” ಎನ್ನುವವನು ಮೋಸಹೋಗುವುದು ಇಲ್ಲಿಯೇ.

ಇಂದ್ರಿಯಕ್ಕೆ ನಿಲುಕದ ಈ ಕಿರಣಗಳನ್ನು ಅಂಕಿಯಲ್ಲಿ ತೋರಿಸುವ ಕ್ರಮವನ್ನು ೧೯೯೨ರಲ್ಲಿ ಕೆನಡಾ ದೇಶದ ವಿಜ್ಞಾನಿಗಳು ರೂಪಿಸಿದರು. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಅಂಗೀಕರಿಸಿತು. ಇದಕ್ಕೆ ಅತಿನೇರಳೆ ಸೂಚ್ಯಂಕವೆಂದು ಹೆಸರು. ಸೂಚ್ಯಂಕ ೧ ಅಥವಾ ೨ ಇದ್ದರೆ ಕಡಿಮೆ. ೩ರಿಂದ ೫ ಮಧ್ಯಮ. ೬ ಮತ್ತು ೭ ಹೆಚ್ಚು. ೮ರಿಂದ ೧೦ ಅತಿ ಹೆಚ್ಚು. ೧೧ ಮುಟ್ಟಿದರೆ ಪರಮಾವಧಿ. ಸೂಚ್ಯಂಕ ೩ನ್ನು ಮುಟ್ಟಿದೊಡನೆ ರಕ್ಷಣೆ ಬೇಕೆಂಬುದು ತಜ್ಞರ ಸಲಹೆ. ಇಂದು ಮೊಬೈಲಿನ ಹವಾಮಾನದ ಪುಟದಲ್ಲಿ ಉಷ್ಣತೆಯ ಜೊತೆಗೆ ಈ ಅಂಕಿಯೂ ಇರುತ್ತದೆ. ನಾವು ಅದರತ್ತ ಕಣ್ಣು ಹಾಯಿಸುವುದಿಲ್ಲ, ಅಷ್ಟೇ.

ಆಸ್ಟ್ರೇಲಿಯಾ ಕಲಿತ ಪಾಠ

ಬಿಸಿಲಿನ ಲೆಕ್ಕವನ್ನು ಇಡೀ ಜನಾಂಗವೇ ಕಲಿತ ನಿದರ್ಶನ ಬೇಕೆಂದರೆ ಆಸ್ಟ್ರೇಲಿಯಾವನ್ನು ನೋಡಬೇಕು. ಅಲ್ಲಿ ನೆಲೆಸಿದವರಲ್ಲಿ ಬಹುಪಾಲು ಜನ ಯೂರೋಪಿನ ಮೂಲದ ಬಿಳಿಯ ಚರ್ಮದವರು, ಬಿಸಿಲಾದರೋ ಪ್ರಖರ. ದಕ್ಷಿಣಾರ್ಧಗೋಳದ ಬೇಸಿಗೆಯಾದ ಜನವರಿಯಲ್ಲಿ ಭೂಮಿಯು ಸೂರ್ಯನಿಗೆ ತುಸು ಹತ್ತಿರವೂ ಆಗಿರುತ್ತದೆ. ಇವೆಲ್ಲ ಸೇರಿದ್ದರಿಂದ ಅಲ್ಲಿ ಎಪ್ಪತ್ತು ವಯಸ್ಸಾಗುವಷ್ಟರಲ್ಲಿ ಮೂವರಲ್ಲಿ ಇಬ್ಬರಿಗೆ ಒಂದಲ್ಲ ಒಂದು ಬಗೆಯ ಚರ್ಮದ ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆಂದು ಅಲ್ಲಿನ ಕ್ಯಾನ್ಸರ್ ಕೌನ್ಸಿಲ್ ಹೇಳುತ್ತದೆ.

೧೯೮೧ರಲ್ಲಿ ವಿಕ್ಟೋರಿಯಾ ರಾಜ್ಯದಲ್ಲಿ ‘ಸ್ಲಿಪ್, ಸ್ಲಾಪ್, ಸ್ಲ್ಯಾಪ್’ ಎಂಬ ಪ್ರಚಾರ ಆರಂಭವಾಯಿತು. ಅಂಗಿ ತೊಡು, ಮುಲಾಮು ಹಚ್ಚು, ಟೊಪ್ಪಿಗೆ ಇಡು ಎಂಬುದು ಅದರ ಸಾರ. ಸಿಡ್ ಎಂಬ ಹೆಸರಿನ ಕಡಲಹಕ್ಕಿಯೊಂದು ದೂರದರ್ಶನದಲ್ಲಿ ಹಾಡಿ ಕುಣಿದು ಇದನ್ನು ಮಕ್ಕಳ ಬಾಯಿಪಾಠ ಮಾಡಿಸಿತು. ೧೯೮೮ರಲ್ಲಿ ‘ಸನ್‌ಸ್ಮಾರ್ಟ್’ ಎಂಬ ಕಾರ್ಯಕ್ರಮ ಬಂದಿತು. ಟೊಪ್ಪಿಗೆಯಿಲ್ಲದ ಮಗುವಿಗೆ ಬಯಲಾಟವಿಲ್ಲ ಎಂಬ ನಿಯಮ ಶಾಲೆಗಳಲ್ಲಿ ನೆಲೆಗೊಂಡಿತು. ೨೦೦೭ರಲ್ಲಿ ನೆರಳು ಹುಡುಕು, ಕಪ್ಪು ಕನ್ನಡಕ ಧರಿಸು ಎಂಬ ಇನ್ನೆರಡು ಮಾತುಗಳು ಸೇರಿದವು.

ಮಾತಿನಿಂದಲೇ ಅವರು ತೃಪ್ತರಾಗಲಿಲ್ಲ, ಪರೀಕ್ಷಿಸಿಯೂ ನೋಡಿದರು. ಕ್ವೀನ್ಸ್‌ಲ್ಯಾಂಡಿನ ನ್ಯಾಂಬೋರ್ ಎಂಬ ಊರಿನಲ್ಲಿ ೧೯೯೨ರಿಂದ ೧೯೯೬ರವರೆಗೆ ೧,೬೨೧ ಮಂದಿ ವಯಸ್ಕರ ಮೇಲೆ ನಡೆದ ಪರೀಕ್ಷೆ ಲೋಕಪ್ರಸಿದ್ಧವಾಗಿದೆ. ಒಂದು ಗುಂಪಿನವರು ಪ್ರತಿದಿನ ತಪ್ಪದೆ ಸನ್‌ಸ್ಕ್ರೀನ್ ಮುಲಾಮು ಹಚ್ಚಿದರು. ಇನ್ನೊಂದು ಗುಂಪಿನವರು ತಮಗೆ ತೋಚಿದಾಗ ಹಚ್ಚಿದರು. ದಿನವೂ ಹಚ್ಚಿದವರಲ್ಲಿ ಸ್ಕ್ವೇಮಸ್ ಜಾತಿಯ ಚರ್ಮದ ಕ್ಯಾನ್ಸರ್ ಸುಮಾರು ನೂರಕ್ಕೆ ನಲವತ್ತರಷ್ಟು ಕಡಿಮೆಯಾಯಿತು. ಪರೀಕ್ಷೆ ಮುಗಿದು ಹತ್ತು ವರ್ಷಗಳಾದ ಮೇಲೆ ಎಣಿಸಿದಾಗ, ಅತ್ಯಂತ ಅಪಾಯಕಾರಿಯಾದ ಮೆಲನೋಮ ದಿನವೂ ಹಚ್ಚಿದವರಲ್ಲಿ ೧೧ ಮಂದಿಗೆ, ಉಳಿದವರಲ್ಲಿ ೨೨ ಮಂದಿಗೆ ಬಂದಿತ್ತು. ತೋಚಿದಾಗ ಮಾಡುವುದಕ್ಕೂ ನಿಯಮದಿಂದ ಮಾಡುವುದಕ್ಕೂ ಇರುವ ಅಂತರ ಇದು.

ವ್ಯಾಯಾಮ ಮಾಡುವವರೇ ಮರೆಯುವುದೇಕೆ?

ಆರೋಗ್ಯದ ಬಗ್ಗೆ ಇಷ್ಟು ಕಾಳಜಿಯುಳ್ಳ ವ್ಯಾಯಾಮಪ್ರಿಯರು ಬಿಸಿಲಿನ ವಿಷಯದಲ್ಲಿಯೂ ಜಾಗರೂಕರಾಗಿರಬೇಕಲ್ಲವೇ? ವಾಸ್ತವ ಹಾಗಿಲ್ಲ. ಆಸ್ಟ್ರಿಯಾ ದೇಶದ ಗ್ರಾಟ್ಸ್ ನಗರದ ವೈದ್ಯರು ೨೧೦ ಮ್ಯಾರಥಾನ್ ಓಟಗಾರರನ್ನೂ ಅಷ್ಟೇ ಸಂಖ್ಯೆಯ ಇತರರನ್ನೂ ಪರೀಕ್ಷಿಸಿ ೨೦೦೬ರಲ್ಲಿ ವರದಿ ಪ್ರಕಟಿಸಿದರು. ಓಟಗಾರರಲ್ಲಿ ಅಸಹಜ ಮಚ್ಚೆಗಳೂ ಬಿಸಿಲಿನ ಕಲೆಗಳೂ ಹೆಚ್ಚಾಗಿದ್ದವು.

ಅದಕ್ಕೂ ಮೊದಲು, ೧೯೯೯ರಲ್ಲಿ, ಹವಾಯಿ ದ್ವೀಪದ ಪ್ರಸಿದ್ಧ ಐರನ್‌ಮ್ಯಾನ್ ಸ್ಪರ್ಧೆಯಲ್ಲಿ ಮೂವರು ಕ್ರೀಡಾಪಟುಗಳ ಮೈಗೆ ಅತಿನೇರಳೆ ಕಿರಣಗಳನ್ನು ಅಳೆಯುವ ಪುಟ್ಟ ಮಾಪಕಗಳನ್ನು ಕಟ್ಟಲಾಗಿತ್ತು. ಈಜು, ಸೈಕಲ್, ಓಟ ಎಲ್ಲ ಸೇರಿ ಎಂಟೂವರೆ ಗಂಟೆಗೂ ಮೀರಿದ ಶ್ರಮ. ಚರ್ಮ ಕೆಂಪಾಗಲು ಎಷ್ಟು ಬಿಸಿಲು ಸಾಕೋ ಅದರ ಎಂಟು ಪಟ್ಟಿಗಿಂತ ಹೆಚ್ಚು ಅವರ ಮೈಮೇಲೆ ಬಿದ್ದಿತ್ತು. ನೀರಿಗೆ ಕರಗದ ಮುಲಾಮು ಹಚ್ಚಿದ್ದರೂ ಅವರ ಚರ್ಮ ಸುಟ್ಟಿತ್ತು. ಬೆವರು ಮುಲಾಮನ್ನು ತೊಳೆಯುತ್ತದೆ. ಬಟ್ಟೆಯ ಉಜ್ಜಾಟ ಅಳಿಸುತ್ತದೆ. ಕಣ್ಣಿಗಿಳಿದರೆ ಉರಿಯುತ್ತದೆಂದು ಹಲವರು ಹಚ್ಚುವುದೇ ಇಲ್ಲ. ಬೀಸುಗಾಳಿ ಸುಡುವಿಕೆಯನ್ನು ಮರೆಸುತ್ತದೆ. ಓಟಕ್ಕೆ ಹಗುರವೆಂದು ತೊಡುವ ಬಟ್ಟೆ ಮೈಯನ್ನು ಅರ್ಧವಷ್ಟೇ ಮುಚ್ಚುತ್ತದೆ.

ಗಡಿಯಾರದ ಸೇವೆ

ಇಲ್ಲಿಯೇ ಮಣಿಕಟ್ಟಿನ ಗಡಿಯಾರ ನೆರವಿಗೆ ಬರುವುದು. ನಾವು ಎಲ್ಲಿ, ಯಾವಾಗ, ಎಷ್ಟು ಹೊತ್ತು ಓಡಿದೆವೆಂಬುದು ಅದಕ್ಕೆ ತಿಳಿದಿರುತ್ತದೆ. ಆ ಊರಿನಲ್ಲಿ ಆ ಹೊತ್ತಿನ ಸೂಚ್ಯಂಕ ಹವಾಮಾನ ಸೇವೆಯಿಂದ ದೊರೆಯುತ್ತದೆ. ಈ ಎರಡನ್ನೂ ಗುಣಿಸಿದರೆ ಮೈಮೇಲೆ ಬಿದ್ದ ಬಿಸಿಲಿನ ಸ್ಥೂಲ ಲೆಕ್ಕ ಸಿಕ್ಕಿತು. ಸೂಚ್ಯಂಕ ೨ ಇರುವ ಬೆಳಗಿನಲ್ಲಿ ಒಂದು ಗಂಟೆ ಓಡಿದರೆ ಲೆಕ್ಕ ೨. ಅದೇ ಓಟವನ್ನು ಸೂಚ್ಯಂಕ ೧೦ ಇರುವ ನಡುಹಗಲಿನಲ್ಲಿ ಓಡಿದರೆ ಲೆಕ್ಕ ೧೦. ಹೆಜ್ಜೆಗಳು ಅಷ್ಟೇ, ದೂರ ಅಷ್ಟೇ, ವ್ಯಾಯಾಮದ ಫಲವೂ ಅಷ್ಟೇ. ಬಿಸಿಲಿನ ಹೊರೆ ಮಾತ್ರ ಐದು ಪಟ್ಟು. ಸೂಚ್ಯಂಕ ೧೦ರ ಬಿಸಿಲಿನಲ್ಲಿ ತೀರ ಬಿಳಿಯ ಚರ್ಮ ಕಾಲುಗಂಟೆಯೊಳಗೇ ಕೆಂಪಾಗತೊಡಗುತ್ತದೆ. ಕಂದು ಚರ್ಮಕ್ಕೆ ಅದರ ಕೆಲವು ಪಟ್ಟು ಹೊತ್ತು ಬೇಕು.

ನೆನಪಿಸಿದರೆ ಜನ ಕೇಳುತ್ತಾರೆಯೇ ಎಂಬ ಸಂದೇಹ ಸಹಜ. ೨೦೦೯ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ೭೦ ಮಂದಿಗೆ ಸನ್‌ಸ್ಕ್ರೀನ್ ನೀಡಲಾಯಿತು. ಮುಚ್ಚಳ ತೆರೆದಾಗಲೆಲ್ಲ ದಾಖಲಾಗುವ ವ್ಯವಸ್ಥೆ ಅದರಲ್ಲಿತ್ತು. ಅರ್ಧದಷ್ಟು ಮಂದಿಗೆ ದಿನವೂ ಮೊಬೈಲಿನಲ್ಲಿ ಊರಿನ ಹವಾಮಾನವನ್ನು ತಿಳಿಸಿ, ಮುಲಾಮು ಹಚ್ಚುವಂತೆ ನೆನಪಿಸುವ ಚಿಕ್ಕ ಸಂದೇಶ ಕಳುಹಿಸಲಾಯಿತು. ಆರು ವಾರಗಳ ಕೊನೆಗೆ ನೋಡಿದರೆ, ಸಂದೇಶವಿಲ್ಲದವರು ನೂರಕ್ಕೆ ಮೂವತ್ತು ದಿನ ಹಚ್ಚಿದ್ದರು. ಸಂದೇಶ ಪಡೆದವರು ಐವತ್ತಾರು ದಿನ. ಎರಡು ಸಾಲಿನ ನೆನಪೋಲೆಯ ಶಕ್ತಿ ಇಷ್ಟಿದೆ. ಓಟಕ್ಕೆಂದು ಗಡಿಯಾರದ ಗುಂಡಿ ಒತ್ತಿದ ಕ್ಷಣದಲ್ಲಿಯೇ “ಈಗ ಸೂಚ್ಯಂಕ ೮, ಟೊಪ್ಪಿಗೆ ಇದೆಯೇ?” ಎಂದು ಕೇಳಿದರೆ ಆ ನೆನಪು ಬೇಕಾದ ಹೊತ್ತಿಗೇ ಬಂದಂತಾಗುತ್ತದೆ.

ಇದಕ್ಕಾಗಿ ಹಲವು ಪ್ರಯತ್ನಗಳು ನಡೆದಿವೆ. ೨೦೧೪ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಅತಿನೇರಳೆ ಕಿರಣಗಳನ್ನು ಅಳೆಯುವ ಕೈಪಟ್ಟಿಯನ್ನು ತಂದಿತು; ೨೦೧೬ರಲ್ಲಿ ಅದರ ಮಾರಾಟ ನಿಂತಿತು. ೨೦೧೮ರಲ್ಲಿ ಲೋರಿಯಲ್ ಸಂಸ್ಥೆ ಉಡುಪಿಗೆ ಸಿಕ್ಕಿಸುವ, ಬ್ಯಾಟರಿ ಬೇಡದ ಪುಟ್ಟ ಮಾಪಕವನ್ನು ಹೊರತಂದಿತು. ೨೦೨೨ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವ ಹವಾಮಾನ ಸಂಸ್ಥೆಗಳು ಇತರ ವಿಶ್ವಸಂಸ್ಥೆಯ ಅಂಗಗಳೊಡನೆ ಸೇರಿ ‘ಸನ್‌ಸ್ಮಾರ್ಟ್ ಗ್ಲೋಬಲ್ ಯುವಿ’ ಎಂಬ ಮೊಬೈಲ್ ಆ್ಯಪ್ ಬಿಡುಗಡೆ ಮಾಡಿದವು. ರಕ್ಷಣೆ ಬೇಕಾದ ವೇಳೆಯನ್ನು ಊರಿಗನುಸಾರವಾಗಿ ಅದು ತಿಳಿಸುತ್ತದೆ.

ಆದರೆ ಯಂತ್ರದ ಮಿತಿಯನ್ನೂ ಅರಿತಿರಬೇಕು. ಮಣಿಕಟ್ಟಿನ ಮಾಪಕ ತೋಳಿನ ಬಟ್ಟೆಯ ಕೆಳಗೆ ಅಡಗಿದರೆ ಅದಕ್ಕೆ ಏನೂ ತಿಳಿಯದು. ಮಣಿಕಟ್ಟಿಗೆ ಬಿದ್ದ ಬಿಸಿಲೇ ಮೂಗಿಗೂ ಕಿವಿಗೂ ಬಿದ್ದಿತೆನ್ನಲಾಗದು. ನೀವು ಮರದ ಸಾಲಿನ ಕೆಳಗೆ ನಡೆದಿರೋ ಬಟ್ಟಬಯಲಿನಲ್ಲಿ ನಡೆದಿರೋ ಎಂಬುದು ಹವಾಮಾನದ ಅಂಕಿಗೆ ಗೊತ್ತಿಲ್ಲ. ಅಂಕಿ ಎಚ್ಚರಿಸಬಲ್ಲದು, ರಕ್ಷಿಸುವುದು ಬಟ್ಟೆ, ನೆರಳು ಮತ್ತು ವಿವೇಕ.

ನಮ್ಮ ಕುಟುಂಬಗಳಿಗೆ ಇದರ ಪ್ರಯೋಜನ

ಮೆಲ್ಬರ್ನ್, ಸಿಡ್ನಿ ನಗರಗಳಲ್ಲಿ ನಮ್ಮ ಕನ್ನಡ ಕುಟುಂಬಗಳು ಬಹುಸಂಖ್ಯೆಯಲ್ಲಿ ನೆಲೆಸಿವೆ. ಅಲ್ಲಿಗೆ ಹೋದ ಮಕ್ಕಳು, ಅವರನ್ನು ನೋಡಲು ಹೋಗುವ ಹಿರಿಯರು ಈ ಸೂಚ್ಯಂಕವನ್ನು ಅವಶ್ಯವಾಗಿ ಗಮನಿಸಬೇಕು. ನಮ್ಮ ಚರ್ಮದಲ್ಲಿರುವ ಮೆಲನಿನ್ ಎಂಬ ವರ್ಣದ್ರವ್ಯ ಬಹುಮಟ್ಟಿಗೆ ಕಾಪಾಡುತ್ತದೆ. ಬಿಳಿಯರಿಗೆ ಹೋಲಿಸಿದರೆ ನಮ್ಮಲ್ಲಿ ಚರ್ಮದ ಕ್ಯಾನ್ಸರ್ ಬಹಳ ವಿರಳ. ಆದ್ದರಿಂದ ಭಯಪಡುವ ಕಾರಣವಿಲ್ಲ. ಹಾಗೆಂದು ಉದಾಸೀನವೂ ಸಲ್ಲದು. ಮುಖದ ಬಂಗು ಬಿಸಿಲಿನಿಂದ ಹೆಚ್ಚುತ್ತದೆ. ಕಣ್ಣಿಗೆ ಮೆಲನಿನ್ನಿನ ಅಂಥ ಕವಚವಿಲ್ಲ. ಪೊರೆಯ ಅಪಾಯ ಎಲ್ಲ ಬಣ್ಣದವರಿಗೂ ಇದೆ.

ಕರ್ನಾಟಕವೂ ಉಷ್ಣವಲಯದ ನಾಡು. ವರ್ಷದಲ್ಲಿ ಎರಡು ಬಾರಿ ಸೂರ್ಯ ನಮ್ಮ ನೆತ್ತಿಯ ನೇರಕ್ಕೇ ಬರುತ್ತಾನೆ. ಸುಮಾರು ೯೦೦ ಮೀಟರು ಎತ್ತರದ ಬೆಂಗಳೂರಿನಲ್ಲಿ ಗಾಳಿ ತಂಪಾಗಿದ್ದರೂ ಬೇಸಿಗೆಯ ನಡುಹಗಲಿನ ಸೂಚ್ಯಂಕ ಪರಮಾವಧಿಯನ್ನು ಮುಟ್ಟುತ್ತದೆ. ಬೆಳಿಗ್ಗೆ ಏಳೂವರೆಯೊಳಗೆ ನಡಿಗೆ ಮುಗಿಸುವವರಿಗೆ ಈ ಚಿಂತೆಯಿಲ್ಲ. ಭಾನುವಾರದ ದೀರ್ಘ ಸೈಕಲ್ ಸವಾರಿ, ಬೆಟ್ಟ ಹತ್ತುವಿಕೆ, ಮಕ್ಕಳ ಕ್ರಿಕೆಟ್ ಪಂದ್ಯಗಳಲ್ಲಿ ಮಾತ್ರ ಎಚ್ಚರ ಬೇಕು.

ಗಡಿಯಾರವಿಲ್ಲದವರಿಗೂ ಒಂದು ಮಾಪಕವುಂಟು, ಅದು ನಮ್ಮ ನೆರಳು. ನೆರಳು ನಮ್ಮ ಎತ್ತರಕ್ಕಿಂತ ಉದ್ದವಾಗಿದ್ದರೆ ಬಿಸಿಲು ಸೌಮ್ಯ, ಗಿಡ್ಡವಾಗಿದ್ದರೆ ಪ್ರಖರ. ಆಗ ಅಗಲ ಅಂಚಿನ ಟೊಪ್ಪಿಗೆ, ತೋಳು ಮುಚ್ಚುವ ಹಗುರವಾದ ಬಟ್ಟೆ, ಕಪ್ಪು ಕನ್ನಡಕ ಇರಲಿ. ಮುಲಾಮು ಹಚ್ಚುವುದಾದರೆ ಎಸ್‌ಪಿಎಫ್ ೩೦ ಅಥವಾ ಅದಕ್ಕಿಂತ ಹೆಚ್ಚಿನದು, ನೀರಿಗೆ ತಡೆಯುವಂಥದು ಇರಲಿ. ಹೊರಡುವ ಇಪ್ಪತ್ತು ನಿಮಿಷ ಮೊದಲು ಮುಖ, ಕತ್ತು, ಕಿವಿಗಳಿಗೆ ಒಂದು ಟೀ ಚಮಚದಷ್ಟು ಹಚ್ಚಿ, ಎರಡು ಗಂಟೆಗೊಮ್ಮೆ ಪುನಃ ಹಚ್ಚಬೇಕು. ಕೆಲವು ಔಷಧಿಗಳು ಚರ್ಮವನ್ನು ಬಿಸಿಲಿಗೆ ನಾಜೂಕಾಗಿಸುತ್ತವೆ. ಅಂಥವನ್ನು ಸೇವಿಸುವವರು ವೈದ್ಯರನ್ನು ಕೇಳುವುದು ಲೇಸು. ಇದನ್ನೆಲ್ಲ ಓದಿ ಬಿಸಿಲನ್ನೇ ತೊರೆಯುವುದೂ ತಪ್ಪು. ಮೂಳೆಗೆ ಬೇಕಾದ ಡಿ ಜೀವಸತ್ವ ಬಿಸಿಲಿನಿಂದಲೇ ಚರ್ಮದಲ್ಲಿ ಉಂಟಾಗುತ್ತದೆ. ಬಯಲಿನ ಬೆಳಕು ಮಕ್ಕಳ ದೃಷ್ಟಿಗೂ ಹಿತ.

ನಮ್ಮ ಹೊಲಗಳಲ್ಲಿ ದುಡಿದ ಹಿರಿಯರು ತಲೆಗೆ ರುಮಾಲು ಸುತ್ತಿ, ಸೆರಗು ಹೊದ್ದು, ಹೊತ್ತು ಏರುವ ಮೊದಲೇ ಕೆಲಸಕ್ಕಿಳಿದು, ನಡುಹಗಲಿನಲ್ಲಿ ಮರದಡಿ ವಿಶ್ರಮಿಸುತ್ತಿದ್ದರು. ಸೂಚ್ಯಂಕವೆಂಬ ಪದವನ್ನು ಅವರು ಕೇಳಿರಲಿಲ್ಲ. ಬಿಸಿಲಿನ ಲೆಕ್ಕವನ್ನು ಮಾತ್ರ ಬಲ್ಲವರಾಗಿದ್ದರು. ಆ ಲೆಕ್ಕವನ್ನು ಇಂದು ಮಣಿಕಟ್ಟಿನ ಯಂತ್ರ ಅಂಕಿಯಲ್ಲಿ ತೋರಿಸುತ್ತಿದೆ. ಹೆಜ್ಜೆಗಳನ್ನು ಎಣಿಸುವ ಬಂಧುಗಳು ದಿನವೂ ಹೊರಡುವ ಮುನ್ನ ಈ ಇನ್ನೊಂದು ಅಂಕಿಯನ್ನೂ ನೋಡಲಿ. ಮನೆಯ ಮಕ್ಕಳಿಗೂ ನೋಡಲು ಕಲಿಸಲಿ. ಆರೋಗ್ಯಕ್ಕೆಂದು ಕೈಗೊಂಡ ವ್ಯಾಯಾಮ ಆಗ ಸಂಪೂರ್ಣ ಫಲ ಕೊಟ್ಟೀತು.