ಹೆಸರು ಒಂದೇ, ಓಟ ಬೇರೆ

ಒಂದೇ ಹೆಸರು, ಒಂದೇ ಬೆಲೆಯ ಎರಡು ಪ್ರೊಸೆಸರ್.
ಓವರ್‌ಕ್ಲಾಕ್ ಮಾಡಿ ವೇಗ ಏರಿಸಿದ್ರೆ ಒಂದು ಓಡುತ್ತೆ,
ಇನ್ನೊಂದು ಹ್ಯಾಂಗ್ ಆಗುತ್ತೆ. ಯಾಕೆ?

ಹಲಸೂರಿನ ಯಾವುದಾದ್ರೂ ಹೋಟೆಲಿನ ದೋಸೆ ಕಾವಲಿ ನೋಡಿ.
ಅದೇ ಹಿಟ್ಟು, ಅದೇ ಉರಿ.
ಆದ್ರೂ ನಡುವಿನ ದೋಸೆ ಬೇರೆ, ಅಂಚಿನದ್ದು ಬೇರೆ.
ಸಿಲಿಕಾನ್ ಬಿಲ್ಲೆಯಲ್ಲೂ ಹಾಗೇ,
ಒಂದು ಚಿಪ್ಪಿನ ಹಾಗೆ ಇನ್ನೊಂದಿಲ್ಲ.
ಬ್ಯಾಚಿಂದ ಬ್ಯಾಚಿಗೂ ಹದ ಬದಲಾಗುತ್ತೆ.

ಚಿಪ್ಪಿನ ರಿವಿಷನ್ ಬದಲಾದ್ರೆ ಹಾಗಲ್ಲ.
ಅಲ್ಲಿ ಕಂಪನಿಯೇ ಚಿಪ್ ತಿದ್ದಿರುತ್ತೆ.
ಇಂಟೆಲ್ ಕ್ಯೂ6600 ನೆನಪಿದೆಯಾ?
ಮೊದಲು ಬಂದ ರಿವಿಷನ್ ಬಿ3, 105 ವ್ಯಾಟ್.
2007ರಲ್ಲೇ ಬಂದ ಜಿ0, 95 ವ್ಯಾಟ್.
ಬಿಸಿ ಕಡಿಮೆ, ವೇಗ ಏರಿಸೋಕೆ ಜಾಗ ಜಾಸ್ತಿ!

ಶಿವಾಜಿನಗರದ ಗುಜರಿಯಲ್ಲಿ ಕ್ಯೂ6600 ಕೈಗೆ ಸಿಕ್ರೆ,
ಮೇಲಿನ ಒಣಗಿದ ಪೇಸ್ಟ್ ಒರೆಸಿ ನೋಡಿ.
ಎಸ್‌ಎಲ್‌ಎಸಿಆರ್ ಅಂತ ಕೋಡ್ ಇದ್ರೆ
ಅದೇ ಜಿ0. ಬಿಡಬೇಡಿ.