ದಯೆಯಲ್ಲ, ನ್ಯಾಯ: ಗವರ್ನರ್ ಆಲ್ಟ್‌ಗೆಲ್ಡನ ಚರಿತ್ರೆ

ಅಪರಾಧಿಗೆ ದಯೆ ತೋರಿದ ಅಧಿಕಾರಿಯನ್ನು ಲೋಕವು ಕೊಂಡಾಡುತ್ತದೆ. ಆದರೆ ನ್ಯಾಯಾಸನವೇ ತಪ್ಪಿತೆಂದು ಬಾಯಿಬಿಟ್ಟು ಹೇಳಿದವನನ್ನು ಅದೇ ಲೋಕವು ಕ್ಷಮಿಸುವುದು ಅಪರೂಪ. ಅಮೇರಿಕೆಯ ಇಲಿನಾಯ್ ಸಂಸ್ಥಾನದ ಗವರ್ನರನಾಗಿದ್ದ ಜಾನ್ ಪೀಟರ್ ಆಲ್ಟ್‌ಗೆಲ್ಡನ ಜೀವನವು ಈ ಮಾತಿಗೆ ನಿದರ್ಶನವಾಗಿದೆ.

ಆಲ್ಟ್‌ಗೆಲ್ಡನು 1847ರಲ್ಲಿ ಜರ್ಮನಿಯಲ್ಲಿ ಜನಿಸಿದನು. ಕೈಗೂಸಾಗಿದ್ದಾಗಲೇ ತಂದೆತಾಯಿಗಳು ಆತನನ್ನು ಅಮೇರಿಕೆಗೆ ಕರೆತಂದರು. ಹದಿನಾರರ ಪ್ರಾಯದಲ್ಲಿಯೇ ಅಂತರ್ಯುದ್ಧದಲ್ಲಿ ಉತ್ತರದವರ ಸೇನೆಯನ್ನು ಸೇರಿದ ಈ ಬಡ ಬಾಲಕನು, ಮುಂದೆ ಉಪಾಧ್ಯಾಯನಾಗಿ, ವಕೀಲನಾಗಿ, 1875ರಲ್ಲಿ ಷಿಕಾಗೋ ನಗರಕ್ಕೆ ಬಂದು ನಿವೇಶನ ಕಟ್ಟಡಗಳ ವ್ಯವಹಾರದಿಂದ ಐಶ್ವರ್ಯವಂತನಾದನು. ದಂಡನೀತಿಯ ಭಾರವು ಬಡವರ ಮೇಲೆಯೇ ಬೀಳುವುದೆಂದು 1884ರಲ್ಲಿ ಗ್ರಂಥ ಬರೆದನು. 1886ರಲ್ಲಿ ನ್ಯಾಯಾಧೀಶನಾಗಿ, 1892ರಲ್ಲಿ ಗವರ್ನರನಾಗಿ ಚುನಾಯಿತನಾದನು.

ಆತನ ಮುಂದಿದ್ದ ಮಹಾ ಸಮಸ್ಯೆ ಹೇಮಾರ್ಕೆಟ್ ಮೊಕದ್ದಮೆಯದು. ಎಂಟು ಗಂಟೆಗಳ ದುಡಿಮೆಗಾಗಿ ಕಾರ್ಮಿಕರು ಚಳವಳಿ ಹೂಡಿದ್ದ 1886ರ ಮೇ 4ರಂದು ಷಿಕಾಗೋವಿನ ಸಭೆಯೊಂದರಲ್ಲಿ ಬಾಂಬು ಸಿಡಿದು, ಏಳು ಮಂದಿ ಪೊಲೀಸರು ಮಡಿದರು. ಬಾಂಬೆಸೆದವನು ಸಿಕ್ಕಲಿಲ್ಲ, ಎಂಟು ಮಂದಿ ಅರಾಜಕವಾದಿಗಳಿಗೆ ಶಿಕ್ಷೆಯಾಯಿತು. 1887ರಲ್ಲಿ ನಾಲ್ವರು ಗಲ್ಲಿಗೇರಿದರು, ಒಬ್ಬನು ಸೆರೆಯಲ್ಲಿ ಆತ್ಮಹತ್ಯೆ ಮಾಡಿಕೊಂಡನು, ಮೂವರು ಕಾರಾಗೃಹದಲ್ಲಿ ಉಳಿದರು.

ಈ ಮೂವರಿಗೆ ದಯೆ ತೋರಬೇಕೆಂದು ಪ್ರತಿಷ್ಠಿತ ಪೌರರೇ ಮನವಿ ಮಾಡಿದ್ದರು. ಶಿಕ್ಷೆ ಸಾಕಾಯಿತೆಂದು ಒಂದು ಸಾಲು ಬರೆದು ಬಿಡುಗಡೆ ಮಾಡಿದ್ದರೆ ಆಲ್ಟ್‌ಗೆಲ್ಡನಿಗೆ ಕೀರ್ತಿಯೇ ದೊರೆಯುತ್ತಿತ್ತು. ಆದರೆ ಆತನು ದಾಖಲೆಗಳನ್ನೆಲ್ಲ ಪರಿಶೋಧಿಸಿ, 1893ರ ಜೂನ್ 26ರಂದು ಮೂವರನ್ನೂ ಬಿಡಿಸಿ, ಕಾರಣಗಳನ್ನು ದೀರ್ಘವಾಗಿ ಪ್ರಕಟಿಸಿದನು: ಶಿಕ್ಷೆಯಾಗಲೆಂದೇ ಜೂರಿಯನ್ನು ಆರಿಸಲಾಗಿತ್ತು, ಅಪರಾಧವು ರುಜುವಾತಾಗಿರಲಿಲ್ಲ, ನ್ಯಾಯಾಧೀಶನು ಪಕ್ಷಪಾತಿಯಾಗಿದ್ದನು. ಒಡನೆಯೇ ಪತ್ರಿಕೆಗಳು ಆತನನ್ನು ದೇಶದ್ರೋಹಿಯೆಂದೂ ಅರಾಜಕನೆಂದೂ ಹಳಿದವು.

ಆತನು ಕಾನೂನಿನ ಶತ್ರುವಾಗಿರಲಿಲ್ಲ. 1893ರ ಕಾರ್ಖಾನೆ ಕಾಯಿದೆಯಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿ, ಅದನ್ನು ಜಾರಿಗೆ ತರಲು ಫ್ಲಾರೆನ್ಸ್ ಕೆಲ್ಲಿ ಎಂಬ ಮಹಿಳೆಯನ್ನೇ ಮುಖ್ಯ ತನಿಖಾಧಿಕಾರಿಯನ್ನಾಗಿ ನೇಮಿಸಿದನು. 1894ರ ಪುಲ್‌ಮನ್ ರೈಲ್ವೆ ಮುಷ್ಕರದಲ್ಲಿ, ಸ್ಥಳೀಯ ಅಧಿಕಾರಿಗಳು ಕೇಳಿದೆಡೆಗೆ ಸಂಸ್ಥಾನದ ಪಡೆಯನ್ನು ತಾನೇ ಕಳುಹಿಸಿದನು. ಆದರೆ ತನ್ನನ್ನು ಕೇಳದೆಯೇ ಅಧ್ಯಕ್ಷ ಕ್ಲೀವ್‌ಲೆಂಡನು ಕೇಂದ್ರ ಸೈನ್ಯವನ್ನು ನುಗ್ಗಿಸಿದಾಗ, ಸ್ವಪಕ್ಷದ ನಾಯಕನೆಂದು ಸುಮ್ಮನಿರದೆ, ಇದು ಸ್ಥಳೀಯ ಸ್ವಯಮಾಡಳಿತಕ್ಕೆ ಒದಗಿದ ಅಪಾಯವೆಂದು ಬಹಿರಂಗವಾಗಿ ಪ್ರತಿಭಟಿಸಿದನು.

1896ರ ಚುನಾವಣೆಯಲ್ಲಿ ಆತನು ಸೋತನು, ಸಂಪತ್ತೂ ಕರಗಿತು. ಧ್ವನಿ ಮಾತ್ರ ಕುಗ್ಗಲಿಲ್ಲ. 1902ರ ಮಾರ್ಚಿಯಲ್ಲಿ ಜೋಲಿಯೆಟ್ ನಗರದಲ್ಲಿ, ಬ್ರಿಟಿಷ್ ಸಾಮ್ರಾಜ್ಯದೊಡನೆ ಹೋರಾಡುತ್ತಿದ್ದ ಬೋಯರರ ಪರವಾಗಿ ಭಾಷಣ ಮಾಡಿದ ಬೆನ್ನಿಗೇ ಕುಸಿದು, ಮರುದಿನ ತೀರಿಕೊಂಡನು.

ಅಧಿಕಾರ ಪದವಿಯು ನಾಲ್ಕು ದಿನದ್ದು. ಕಡತದ ಮೇಲೆ ಬರೆದ ಷರಾ ಉಳಿಯುವಂಥದು. ಆಲ್ಟ್‌ಗೆಲ್ಡನನ್ನು ಸೋಲಿಸಿದವರ ಹೆಸರು ಇಂದು ಯಾರ ನೆನಪಿನಲ್ಲಿದೆ? ಆತನ ಕ್ಷಮಾದಾನ ಪತ್ರವಾದರೋ, ನ್ಯಾಯದ ಹೆಸರಿನಲ್ಲಿ ಅನ್ಯಾಯವಾದಾಗ ಅಧಿಕಾರಿಯ ಧರ್ಮವೇನೆಂಬುದನ್ನು ಈಗಲೂ ಸಾರುತ್ತಿದೆ.